ಕೆಳಗಿನ ಒಲೆ

ನಾನು ನನ್ನ ಮನೆಯ ಮೇಲೆ ಮೆಲ್ಲಗೆ ನಡೆಯುತ್ತೇನೆ. ಮನೆಯೊಳಗೆ ಅಲ್ಲ, ಮನೆಯ ಮೇಲೆ. ಕೊಪ್ಪಳದ ಊರಂಚಿನಲ್ಲಿ ನಾನು ಕಟ್ಟಿಸಿದ ಮನೆಯಲ್ಲಿ ಬಾಡಿಗೆಯವರಿದ್ದಾರೆ. ಅದರ ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ ನಾನಿದ್ದೇನೆ. ಹಿಮ್ಮಡ ಊರಿ ನಡೆದರೆ ಕೆಳಗಿನವರ ನೆತ್ತಿಯ ಮೇಲೆ ಸಪ್ಪಳವಾಗುತ್ತದೆ ಎಂದು ಅವ್ವ ಮೊದಲ ವಾರದಲ್ಲೇ ಕಲಿಸಿದ್ದಳು.

"ಬಾಡಿಗಿ ಕೊಡವ್ರು ಸಿಟ್ಟಾಗಿ ಬಿಟ್ಟು ಹೋದ್ರಂದ್ರ ಕಂತು ಯಾರು ತುಂಬತಾರ? ಬೆಕ್ಕಿನಂಗ ಅಡ್ಯಾಡು" ಎಂದಿದ್ದಳು.

ಅವ್ವ ಈಗಿಲ್ಲ. ಸಾಲವೂ ಇಲ್ಲ. ಬೆಕ್ಕಿನ ನಡಿಗೆ ಮಾತ್ರ ಉಳಿದುಬಿಟ್ಟಿದೆ. ಲೈಟಿನ ಗುಂಡಿ ಒತ್ತಲು ಕೈ ಎತ್ತಿದರೆ ಇನ್ನೂ ಬೆಳಕಿದೆಯಲ್ಲ ಎಂದು ಯಾರೋ ಅಂದಂತಾಗಿ ಕೈ ಇಳಿಸುತ್ತೇನೆ. ಕೋಣೆಯಲ್ಲಿ ನನ್ನನ್ನು ಬಿಟ್ಟು ಯಾರೂ ಇರುವುದಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಕೇಳದವರಿಗೂ ಹೇಳುತ್ತೇನೆ. ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡ. ಅವ್ವ ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾಲ್ಕೂ ದಿಕ್ಕಿನ ರಸ್ತೆ ಕೂಡುವ ಊರು ಅದು. ಲಾರಿಯವರು ಹೊತ್ತುಗೊತ್ತಿಲ್ಲದೆ ಬಂದು ಇಳಿಯುತ್ತಿದ್ದರು, ಒಲೆ ಆರಿದ್ದನ್ನು ನಾನು ನೋಡಿದ್ದೇ ಇಲ್ಲ. ಹೊಗೆಯಲ್ಲಿ ಕೂತ ಅವ್ವನ ಬೆನ್ನು, ಅದರ ಹಿಂದೆ ಗೋಡೆಗೆ ಒರಗಿ ಪುಸ್ತಕ ಹಿಡಿದ ನಾನು. ನನ್ನ ಬಾಲ್ಯ ಎಂದರೆ ಇಷ್ಟೇ.

ಅವ್ವನ ಬಲಗೈಯ ಕೊನೆಯ ಎರಡು ಬೆರಳು ಯಾವಾಗಲೋ ಕಾದ ಹಂಚಿಗೆ ಸಿಕ್ಕು ಸುಟ್ಟು ಒಳಮಡಚಿಕೊಂಡಿದ್ದವು. ಹಾಗಾಗಿ ಅವಳು ರೊಟ್ಟಿ ಬಡಿಯುವಾಗ ಪ್ರತಿ ಸುತ್ತಿನಲ್ಲಿ ಒಂದು ಪೆಟ್ಟು ಬೀಳುತ್ತಿರಲಿಲ್ಲ. ಟಪ್ ಟಪ್ ಟಪ್, ಆಮೇಲೆ ಒಂದು ಮೌನ, ಮತ್ತೆ ಟಪ್ ಟಪ್. ಕುಂಟುವ ಸಪ್ಪಳ. ಹತ್ತು ಹೆಂಗಸರು ಒಟ್ಟಿಗೆ ಬಡಿಯುತ್ತಿದ್ದರೂ ಅದರಲ್ಲಿ ಅವ್ವನದು ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ.

ನನಗೆ ಮಾತ್ರ ಹಿಟ್ಟು ಮುಟ್ಟಲು ಬಿಡಲಿಲ್ಲ. ಖಾನಾವಳಿಯ ಹೆಂಗಸರು ನಗುತ್ತಿದ್ದರು. "ಏನಬೇ, ಮಗಳಿಗಿ ಒಂದು ರೊಟ್ಟಿ ಬಡಿಯಾಕ ಬರಂಗಿಲ್ಲ. ನಾಳೆ ಯಾರ ಮನಿಗಿ ಕಳಸ್ತಿ?"

"ಬರಬಾರ್ದಂತನ ಬಿಟ್ಟೀನಿ. ಒಮ್ಮಿ ಬರತೈತಿ ಅಂತ ಗೊತ್ತಾತಂದ್ರ ಎಲ್ಲಾರೂ ಆಕಿ ಕೈಯಾಗ ಹಿಟ್ಟಿನ ಪರಾತ ಕೊಟ್ಟು ತಾವು ಎದ್ದು ಹೋಗತಾರ" ಎನ್ನುತ್ತಿದ್ದಳು ಅವ್ವ.

ನಾನು ಬಿ.ಎಸ್ಸಿ. ಮುಗಿಸಿದೆ, ಬಿ.ಎಡ್. ಮುಗಿಸಿದೆ, ತಳಕಲ್ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದೆ. ಮೊದಲ ಪಗಾರ ಬಂದ ದಿನ ಖಾನಾವಳಿಗೆ ಹೋಗಿ ಅವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿದೆ. "ಇನ್ನ ಮ್ಯಾಲ ನೀ ಮಂದಿ ಒಲಿ ಮುಂದ ಕುಂಡ್ರಬಾರ್ದು. ನನ್ನ ಮ್ಯಾಲ ಆಣಿ" ಎಂದೆ. ಎಲ್ಲರೆದುರು, ಸ್ವಲ್ಪ ಜೋರಾಗಿಯೇ ಅಂದೆ. ಅವರಿಗೆ ಕೇಳಲಿ ಎಂತಲೇ ಅಂದೆ. ಅವ್ವ ಕೈಗೆ ಹತ್ತಿದ ಹಿಟ್ಟನ್ನು ಪರಾತದ ಅಂಚಿಗೆ ಒರೆಸಿ, ಉಳಿದ ಮುದ್ದೆಗೆ ಒದ್ದೆ ಅರಿವೆ ಮುಚ್ಚಿ ಎದ್ದು ಬಂದಳು.

ಮದುವೆಯ ಮಾತುಗಳು ಬಂದವು, ಹೋದವು. ನನ್ನ ಜೊತೆ ಅವ್ವನೂ ಬರುತ್ತಾಳೆ ಎಂದಾಗ ಬಂದವರು ಚಹಾ ಕುಡಿದು ಎದ್ದು ಹೋದರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಆಮೇಲೆ ಕೊಪ್ಪಳದಲ್ಲಿ ಸೈಟು ತೆಗೆದುಕೊಂಡೆವು, ಬ್ಯಾಂಕಿನ ಸಾಲದಲ್ಲಿ ಮನೆ ಎಬ್ಬಿಸಿದೆವು. ಮನೆಯ ಬಗ್ಗೆ ಅವ್ವ ಕೇಳಿದ್ದು ಒಂದೇ. ಅಡುಗೆ ಮನೆಯಲ್ಲಿ ಎತ್ತರದ ಕಟ್ಟೆ ನಿನಗೆ ಇರಲಿ, ಕಿಟಕಿಯ ಕೆಳಗೆ ನೆಲದ ಹತ್ತಿರ ನನಗೊಂದು ಒಲೆಕಟ್ಟೆ ಬೇಕು. ಮೇಸ್ತ್ರಿಗೆ ನಗು.

"ಅವ್ವಾರ, ಮಂದಿ ಎಲ್ಲಾ ನಿಂತು ಅಡಿಗಿ ಮಾಡಾಕತ್ಯಾರ. ನೀವು ಮತ್ತ ಕುಂತು ಮಾಡ್ತೀನಂತೀರಿ."

"ನೀ ಒಂದು ರೊಟ್ಟಿ ನಿಂತು ಬಡಿದು ತೋರ್ಸು ತಮ್ಮಾ. ಆಮ್ಯಾಲ ಎತ್ತರದ್ದ ಕಟ್ಟಿಸ್ತೀನಿ."

ಕಿಟಕಿಯ ಕೆಳಗೆ ಗೇಣೆತ್ತರದ ಕಟ್ಟೆ ಆಯಿತು. ಅದರ ಪಕ್ಕದಲ್ಲಿ ರೊಟ್ಟಿ ಬಡಿಯಲು ಕಡಪ ಕಲ್ಲಿನ ತುಂಡು ಕೂಡಿಸಿದರು. ಸಿಮೆಂಟ್ ಪೂರ್ತಿ ಆರಿರಲಿಲ್ಲ, ಅವ್ವ ಚೀಲ ಹಾಸಿ ಕೂತು, ಹಿಟ್ಟಿಲ್ಲದ ಕೈಯಿಂದ ಕಲ್ಲಿನ ಮೇಲೆ ಮೂರು ಪೆಟ್ಟು ಬಡಿದು ನೋಡಿದಳು. ಕಿಟಕಿಯಿಂದ ಬಂದ ಗಾಳಿಗೆ ಸೆರಗು ಅಲುಗಿತು. "ಹೊಗಿ ಇಲ್ಲ, ಗಾಳಿ ಐತಿ. ಛಲೋ ಆತು" ಎಂದಳು. ಅವಳ ಮುಖದಲ್ಲಿ ಆ ಹೊತ್ತು ಕಂಡದ್ದನ್ನು ಮತ್ತೆ ನೋಡಬೇಕು ಎಂಬ ಒಂದೇ ಆಸೆಯ ಮೇಲೆ ಮುಂದಿನ ವರ್ಷಗಳನ್ನೆಲ್ಲ ಕಳೆದೆ ಎಂದರೆ ಸುಳ್ಳಲ್ಲ.

ಖಾನಾವಳಿಯ ಹೊಗೆ ಅವ್ವನ ಎದೆಯಲ್ಲಿ ಕೂತುಬಿಟ್ಟಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಬ್ಯಾಂಕಿನವರು ಬರೆದುಕೊಟ್ಟ ಲೆಕ್ಕದ ಪ್ರಕಾರ ನಾನು ರಿಟೈರ್ ಆಗುವವರೆಗೂ ಕಂತು ಇತ್ತು. ಅಲ್ಲಿಯವರೆಗೆ ಅವ್ವ ಇರುತ್ತಾಳೆಯೇ? ನಾನು ಬೇರೆ ಲೆಕ್ಕ ಹಾಕಿದೆ. ಅರ್ಧ ಕಾಲದಲ್ಲಿ ಸಾಲ ತೀರಿಸುವುದು, ಐವತ್ತಕ್ಕೆ ಸ್ವಯಂ ನಿವೃತ್ತಿ ತೆಗೆದುಕೊಳ್ಳುವುದು. ಹಗಲು ಹೊತ್ತಿನಲ್ಲಿ ಅವ್ವ ಆ ಕಟ್ಟೆಯ ಮುಂದೆ ತನ್ನ ಸಲುವಾಗಿ, ನನ್ನ ಸಲುವಾಗಿ ಎರಡು ರೊಟ್ಟಿ ಬಡಿಯಬೇಕು. ನಾನು ಗೋಡೆಗೆ ಒರಗಿ ಕೂತಿರಬೇಕು. ಪುಸ್ತಕವಿಲ್ಲದೆ.

ಮನೆ ಬಾಡಿಗೆಗೆ ಕೊಡೋಣ, ನಾವು ಮೇಲೆ ತಗಡು ಹಾಕಿಸಿಕೊಂಡು ಇರೋಣ ಎಂದವಳು ಅವ್ವನೇ. "ನೀ ದುಡದಿ, ನಾ ದುಡದೆ. ಈಗ ಮನಿನೂ ದುಡೀಲಿ" ಎಂದಳು.

ಗೃಹಪ್ರವೇಶವನ್ನು ಮುಂದೆ ಹಾಕಿದ್ದು ನಾನು. ಆಸ್ತಿಯ ಉತಾರದ ಕಾಗದದಲ್ಲಿ ಬ್ಯಾಂಕಿನ ಸಾಲದ ಬೋಜಾ ಇರುವವರೆಗೆ ಮನೆ ನಮ್ಮದಲ್ಲ, ಅದು ಇಳಿದ ದಿನ ಹಾಲು ಉಕ್ಕಿಸುತ್ತೇವೆ, ಅಂದು ಬೇಕಾದವರನ್ನೂ ನಕ್ಕವರನ್ನೂ ಕರೆದು ಹೋಳಿಗೆ ಬಡಿಸುತ್ತೇವೆ ಎಂಬುದು ನನ್ನ ಹಟ. ಅದರಲ್ಲಿ ಊಟದ ಖರ್ಚೂ ಉಳಿಯಿತು. ಒಂದು ವಿಷಯ ಮಾತ್ರ ನನ್ನ ಲೆಕ್ಕದಲ್ಲಿ ಇರಲಿಲ್ಲ. ಬಾಡಿಗೆಗೆ ಬರುವವರೂ ಮೊದಲ ದಿನ ಹಾಲು ಉಕ್ಕಿಸುತ್ತಾರೆ. ಅದು ಯಾರಿಗೆ ಗೊತ್ತಿಲ್ಲ? ಓದಿದವಳಿಗೆ ಹೊಳೆಯಲಿಲ್ಲ.

ಬಾಡಿಗೆಗೆ ಬಂದವರು ಕಾಲುವೆ ಕಡೆಯ ಸಿದ್ದಾಪುರದವರು, ಗಂಡ ಹೆಂಡತಿ. ಗಂಡನದು ಬೀಜ ಗೊಬ್ಬರದ ವ್ಯಾಪಾರ. ಹೆಂಡತಿ ನನಗಿಂತ ಚಿಕ್ಕವಳು, ಮೆತ್ತಗಿನ ಮಾತಿನವಳು. ಭತ್ತದ ಸೀಮೆಯವರು, ಮೂರು ಹೊತ್ತೂ ಅನ್ನ. ಅವರು ಸಾಮಾನು ಇಳಿಸಿದ ದಿನ ನಾನು ರಜೆ ಉಳಿಸಲೆಂದು ಶಾಲೆಗೆ ಹೋಗಿದ್ದೆ. ಸಂಜೆ ಬಂದಾಗ ಅವ್ವ ತಗಡಿನ ಕೆಳಗೆ ಸ್ಟೀಲಿನ ಲೋಟ ಹಿಡಿದು ಕೂತಿದ್ದಳು. ಲೋಟದಲ್ಲಿ ಹಾಲಿತ್ತು, ಕೆನೆ ಕಟ್ಟಿತ್ತು.

"ಕೆಳಗಿನಾಕಿ ಕೊಟ್ಟು ಹೋದ್ಲು. ಉಕ್ಕಿಸಿದ ಹಾಲಂತ."

ನಾನು ಹೆಗಲಿನ ಚೀಲ ಇಳಿಸಿ ಲೋಟದೊಳಗೆ ಇಣುಕಿದೆ.

"ಹೋಗ್ಲಿ ಬಿಡು. ಈಗ ಒಲಿ ಅವರದಾತು. ಸಾಲ ತೀರೂತನ ನಾ ಆ ಅಡಿಗಿ ಮನ್ಯಾಗ ಕಾಲಿಡಂಗಿಲ್ಲ" ಎಂದು ಅವ್ವ ಹಾಲನ್ನು ಎರಡು ಲೋಟಕ್ಕೆ ಹಂಚಿದಳು.

ಹೀಗೆ ನಮ್ಮ ಮನೆಯ ಮೊದಲ ಹಾಲು ನಮಗೆ ಮೆಟ್ಟಿಲು ಹತ್ತಿ ಬಂತು, ತಣ್ಣಗಾಗಿ.

ಆಮೇಲಿನ ವರ್ಷಗಳ ಬಗ್ಗೆ ಬರೆಯಲು ಬಹಳ ಇಲ್ಲ, ಏಕೆಂದರೆ ಅವುಗಳಲ್ಲಿ ನಾವು ಏನನ್ನೂ ಕೊಳ್ಳಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಆಟೋ ಹತ್ತಲಿಲ್ಲ. ಗಂಗಾವತಿಯಿಂದ ಯಾರಾದರೂ ಮದುವೆಗೆ ಕರೆದರೆ ಅವ್ವನ ಎದೆನೋವಿನ ನೆಪ ಹೇಳಿದೆ. ಹಳೇ ಸೀರೆ ಕೌದಿಯಾಯಿತು, ಕೌದಿ ಹರಿದು ಕಾಲೊರಸು ಆಯಿತು. ತುಟ್ಟಿಭತ್ಯೆಯ ಬಾಕಿ ಬಂದಾಗ ಉಳಿದ ಟೀಚರುಗಳು ಬಳೆ ಬದಲಿಸಿದರೆ ನಾನು ಬ್ಯಾಂಕಿಗೆ ಹೋಗಿ ಅಸಲಿಗೆ ಕಟ್ಟಿ ಬರುತ್ತಿದ್ದೆ.

ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿಯೇ ಎಲ್ಲರಿಗೂ ಮನರಂಜನೆ. ಗಣಿತದ ಮಾಸ್ತರರು ಇಣುಕಿ ನೋಡಿ, "ಏನ್ರಿ ಟೀಚರ್, ಇವತ್ತೂ ರೊಟ್ಟಿ, ಶೇಂಗಾ ಚಟ್ನಿನ?" ಎನ್ನುತ್ತಿದ್ದರು.

"ಹೌದ್ರಿ. ನಿಮ್ಮದೇನೈತಿ?"

"ನಮ್ಮದು ಪೂರಿರಿ. ಅಲ್ಲ, ಇಷ್ಟು ಉಳಿಸಿ ಏನ್ಮಾಡ್ತೀರಿ? ಹೋಗೂವಾಗ ಹೊತ್ಕೊಂಡು ಹೋಗ್ತೀರೇನು?"

"ಹೊತ್ಕೊಂಡು ಹೋಗೂದು ಸಾಲ ರೀ ಸರ. ಅದನ್ನ ಇಲ್ಲೇ ಇಳಿಸಿ ಹೋಗಬೇಕಂತ ಮಾಡೀನಿ."

ನಾನೂ ಬಿಡುತ್ತಿರಲಿಲ್ಲ. ನನಗೆ ಹೆಮ್ಮೆ ಪಡಲು ಒಂದು ವಿಷಯ ಸಿಕ್ಕಿತ್ತು. ನಮ್ಮ ಗ್ಯಾಸ್ ಸಿಲಿಂಡರ್ ಮುಗಿಯುತ್ತಲೇ ಇರಲಿಲ್ಲ. ಬೇರೆಯವರು ಎರಡು ಬದಲಿಸುವ ಹೊತ್ತಿಗೆ ನಮ್ಮದು ಇನ್ನೂ ಗಟ್ಟಿಯಾಗಿ ಕೂತಿರುತ್ತಿತ್ತು. ದಿನಾ ಸಂಜೆ ಬುಟ್ಟಿಯಲ್ಲಿ ಅರಿವೆ ಸುತ್ತಿದ ರೊಟ್ಟಿ ಬೆಚ್ಚಗೆ ಇರುತ್ತಿದ್ದವು, ಆದರೂ ಗ್ಯಾಸ್ ಖರ್ಚಿಲ್ಲ. "ನಮ್ಮವ್ವ ಉರಿ ಹಿಡಿಯೂದು ನೋಡಿ ಕಲೀಬೇಕ್ರಿ. ಒಂದು ಕಿಡಿ ದಂಡ ಆಗಂಗಿಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ, ಒಂದು ಸಲವಲ್ಲ. ಉಷ್ಣದ ಪಾಠ ಮಾಡುವಾಗ ಹುಡುಗರಿಗೂ ಹೇಳಿದೆ.

ಬೇಸಿಗೆಯಲ್ಲಿ ತಗಡು ಕಾದು ಕೋಣೆ ಭಟ್ಟಿಯಾಗುತ್ತಿತ್ತು. ಕೂಲರ್ ತರುತ್ತೇನೆ ಎಂದೆ.

"ಅದು ನೀರೂ ಕುಡೀತೈತಿ, ಕರೆಂಟೂ ಕುಡೀತೈತಿ. ನಮಗೇನು ಉಳಸ್ತೈತಿ?"

"ನಿನಗ ಸೆಕಿ ಆಗಂಗಿಲ್ಲೇನಬೇ?"

"ಒಲಿ ಮುಂದ ಬೆಳದ ಮೈ ಇದು. ನಿನಗ ತಿಳ್ಯಂಗಿಲ್ಲ."

ನಾನು ಸಂಜೆ ಬಂದಾಗ ಅವಳ ಕೈ ನಿಜವಾಗಿಯೂ ತಣ್ಣಗಿರುತ್ತಿತ್ತು. ನಾನು ಮುಟ್ಟಿ ನೋಡಿದ್ದೇನೆ. ಗಟ್ಟಿ ಜೀವ ಅಂದುಕೊಂಡೆ.

ಒಂದು ಹಬ್ಬದಿಂದ ಇನ್ನೊಂದು ಹಬ್ಬಕ್ಕೆ ತೀರುವಷ್ಟು ಸಾಲ ಉಳಿದಿದ್ದಾಗ ಅವ್ವನಿಗೆ ಜ್ವರ ಬಂತು. ಚಳಿಗಾಲ ಹತ್ತಿರವಾಗಿತ್ತು. ಕೆಮ್ಮು ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿದ್ದರು. ನನ್ನನ್ನು ಹತ್ತಿರ ಕರೆದಳು. ಏನೋ ಹೇಳುತ್ತಾಳೆ ಎಂದು ಕಿವಿ ಕೊಟ್ಟೆ.

"ಕಂತು ತುಂಬಿದೇನು?"

"ತುಂಬೀನಿ ಅವ್ವಾ."

"ಹಂಗಾರ ಛಲೋ ಆತು."

ಅದಾದ ಮೇಲೆ ಅವಳು ಮಾತಾಡಲಿಲ್ಲ.

ಇಕ್ಕಟ್ಟಾದ ಮೆಟ್ಟಿಲಲ್ಲಿ ಹೆಣ ಮೇಲೆ ತರಲು ಆಗುವುದಿಲ್ಲ ಎಂದು ಮಂದಿ ಗೇಟಿನಲ್ಲಿ ನಿಂತು ಯೋಚಿಸುತ್ತಿದ್ದಾಗ ಕೆಳಗಿನ ಹೆಂಗಸು ಬಾಗಿಲು ಪೂರ್ತಿ ತೆರೆದು, "ಒಳಗ ತರ್ರಿ, ಅವ್ವಾರನ್ನ ಒಳಗ ತರ್ರಿ" ಎಂದಳು. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದರು. ತಾನು ಕಟ್ಟಿಸಿದ ಮನೆಯೊಳಗೆ ಅವ್ವ ಈಗ ಬಂದಳು ಎಂದುಕೊಂಡೆ, ಈ ತರಹ ಬಂದಳು ಎಂದುಕೊಂಡೆ. ನನಗೆ ಅಳು ಬರಲಿಲ್ಲ. ಕೆಳಗಿನ ಹೆಂಗಸು ಮಾತ್ರ ಅವ್ವನ ಮಡಚಿದ ಬೆರಳು ಹಿಡಿದು ಹೊಟ್ಟೆಯೊಳಗಿನಿಂದ ಅತ್ತಳು. ಬಾಡಿಗೆಯವಳು ಇಷ್ಟು ಅಳಬೇಕೇ ಎಂದು ನನಗೆ ಅನ್ನಿಸಿತ್ತು. ಆ ಯೋಚನೆಯ ಬೆನ್ನು ಹತ್ತಲು ಅವತ್ತು ತ್ರಾಣವಿರಲಿಲ್ಲ.

ಸಾಲ ತೀರಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮಾಡುವುದಕ್ಕೆ ಬೇರೆ ಏನೂ ಇರಲಿಲ್ಲ. ಮೊದಲಿನ ಹಾಗೆಯೇ ನಡೆದು ಹೋದೆ, ನಡೆದು ಬಂದೆ, ಒಂದೇ ಲೈಟು ಹಾಕಿದೆ. ರೊಟ್ಟಿಯನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಿಸಿಕೊಂಡು ಬರುತ್ತಿದ್ದೆ. ತಣ್ಣಗಿನ, ಒಣಗಿದ ರೊಟ್ಟಿ. ಡಬ್ಬಿ ನೋಡಿ ಗಣಿತದ ಮಾಸ್ತರರು ಈಗ ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬೇಸಿಗೆ ರಜೆ ಬಂತು. ನೌಕರಿಗೆ ಸೇರಿದ ಮೇಲೆ ರಜೆಯ ಮಧ್ಯಾಹ್ನಗಳನ್ನು ನಾನು ಮನೆಯಲ್ಲಿ ಕಳೆದದ್ದೇ ಕಡಿಮೆ. ಪರೀಕ್ಷೆಯ ಪೇಪರ್ ತಿದ್ದುವುದು, ಟ್ಯೂಷನ್, ತರಬೇತಿ, ನಾಲ್ಕು ದುಡ್ಡು ಬರುವಲ್ಲಿಗೆಲ್ಲ ಹೋಗುತ್ತಿದ್ದೆ. ಆ ವರ್ಷ ಹೋಗಲಿಲ್ಲ. ತಗಡಿನ ಕೆಳಗೆ, ಒದ್ದೆ ಟವೆಲ್ಲು ಹೊದ್ದು ಅಂಗಾತ ಮಲಗಿದ್ದೆ. ಓಣಿ ಎಲ್ಲ ಬಾಗಿಲು ಹಾಕಿಕೊಂಡು ಮಲಗಿತ್ತು.

ಆಗ ಕೇಳಿಸಿತು. ಟಪ್ ಟಪ್ ಟಪ್. ಮೌನ. ಟಪ್ ಟಪ್.

ನಾನು ವಿಜ್ಞಾನ ಕಲಿಸುವವಳು. ತಗಡು ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಮೊಳೆಯ ಹತ್ತಿರ ಸಪ್ಪಳ ಮಾಡುತ್ತದೆ, ಎಂಟನೇ ತರಗತಿಯ ಮಕ್ಕಳಿಗೂ ಗೊತ್ತು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ಬಂತು. ಟಪ್ ಟಪ್ ಟಪ್. ಮೌನ. ತಗಡು ಕುಂಟುವುದಿಲ್ಲ.

ಸಪ್ಪಳ ನೆಲದೊಳಗಿನಿಂದ ಬರುತ್ತಿತ್ತು. ಕಿವಿಯನ್ನು ಗಚ್ಚಿನ ನೆಲಕ್ಕೆ ಹಚ್ಚಿದೆ. ಕೆಳಗಿನವರು ಅನ್ನದವರು, ಅವರ ಮನೆಯಿಂದ ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ಸಪ್ಪಳ ನಾನು ಕೇಳಿದವಳಲ್ಲ. ಎದ್ದು ಬಾಗಿಲು ತೆರೆದು ಮೆಟ್ಟಿಲು ಇಳಿಯತೊಡಗಿದೆ. ಅವಸರದಲ್ಲಿ ಹಿಮ್ಮಡ ಊರಿಬಿಟ್ಟೆ. ಸಪ್ಪಳ ನಿಂತಿತು.

ಮರುದಿನವೂ ಅದೇ ಹೊತ್ತು, ಅದೇ ಸಪ್ಪಳ. ನಾನು ಕದಲಿದೊಡನೆ ನಿಲ್ಲುತ್ತಿತ್ತು. ಕೆಲವು ದಿನ ಕದಲದೆ ಮಲಗಿ ಕೇಳಿದೆ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ಹೆದರಿಕೆಗಿಂತ ದೊಡ್ಡದು ಇನ್ನೊಂದಿತ್ತು. ಸತ್ತ ಮೇಲಾದರೂ ಅವಳು ತನ್ನ ಕಟ್ಟೆಯ ಮುಂದೆ ಕೂತಿದ್ದಾಳೆ ಎಂದು ನಂಬಲು ಮನಸ್ಸು ಹಾತೊರೆಯುತ್ತಿತ್ತು. ದೆವ್ವ ಭೂತ ಇಲ್ಲ ಎಂದು ಹಳ್ಳಿಯ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳಿದ ನಾನು ಮಧ್ಯಾಹ್ನ ಆಗುವುದನ್ನೇ ಕಾಯತೊಡಗಿದೆ.

ಅದೇ ರಜೆಯಲ್ಲಿ ಸಾಲ ತೀರಿತು. ಬ್ಯಾಂಕಿನ ಮ್ಯಾನೇಜರು ಕಾಗದಗಳನ್ನು ಕೈಗಿಟ್ಟು, "ಇಷ್ಟು ಲಗೂನ ಯಾರೂ ತೀರ್ಸಂಗಿಲ್ರಿ ಟೀಚರ್. ಸ್ವೀಟ್ ಯಾವಾಗ?" ಎಂದು ನಕ್ಕರು. ನಾನೂ ನಕ್ಕೆ. ಹೊರಗೆ ಬಂದು ಅರ್ಧ ಲೀಟರ್ ಹಾಲು ಕೊಂಡೆ. ಇವತ್ತೇ ಬಾಡಿಗೆಯವರಿಗೆ ಮನೆ ಖಾಲಿ ಮಾಡಲು ಹೇಳಿ, ನನ್ನ ಕೈಯಾರೆ ಹಾಲು ಉಕ್ಕಿಸಿ ಬಿಡುತ್ತೇನೆ, ಹೋಳಿಗೆ ಊಟ ಬೇಡ, ಯಾರೂ ಬೇಡ ಎಂದುಕೊಂಡು ಬಿಸಿಲಲ್ಲಿ ನಡೆದು ಬಂದೆ.

ಮೆಟ್ಟಿಲ ಕಡೆ ತಿರುಗದೆ ಮುಂಬಾಗಿಲಿಗೆ ಹೋದೆ. ಚಪ್ಪಲಿ ಗೇಟಿನ ಹತ್ತಿರವೇ ಬಿಟ್ಟಿದ್ದೆ, ನೆಲ ಸುಡುತ್ತಿತ್ತು. ರೂಢಿಯ ಹೆಜ್ಜೆ, ಸಪ್ಪಳವಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಬಂತು: ಟಪ್ ಟಪ್ ಟಪ್. ಮೌನ. ಟಪ್ ಟಪ್.

ಪಡಸಾಲೆ ದಾಟಿ ಅಡುಗೆ ಮನೆಯ ಬಾಗಿಲಲ್ಲಿ ನಿಂತೆ. ಕಿಟಕಿಯ ಕೆಳಗೆ ನನಗೆ ಬೆನ್ನು ಹಾಕಿ ಒಬ್ಬಳು ಕೂತಿದ್ದಳು. ಎಡಮೊಣಕಾಲು ಎತ್ತಿ, ಬಲಗಾಲು ಮಡಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಥೇಟ್ ಅವ್ವನ ಹಾಗೆ. ಹಾಲಿನ ಪಾಕೀಟು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಒಡೆಯಲಿಲ್ಲ.

ಅವಳು ತಿರುಗಿ ನೋಡಿದಳು. ಕೆಳಗಿನ ಹೆಂಗಸು. ಕೈಯೆಲ್ಲ ಜೋಳದ ಹಿಟ್ಟು.

"ಅಕ್ಕೋರ" ಎಂದು ಎದ್ದು ನಿಂತಳು. ಕದ್ದು ಸಿಕ್ಕವಳ ಮುಖ. "ಸಪ್ಪಳ ಭಾಳ ಆತೇನ್ರಿ?"

"ನಿಮಗ ರೊಟ್ಟಿ ಬಡಿಯಾಕ ಯಾರು ಕಲಿಸಿದ್ರು?"

ಅವಳು ಕೈಗೆ ಹತ್ತಿದ ಹಿಟ್ಟು ಉಜ್ಜಿಕೊಂಡಳು. ಆಮೇಲೆ, "ಹೇಳಬ್ಯಾಡಂತ ಅವ್ವಾರು ಮಾತು ತಗೊಂಡಿದ್ರು" ಎಂದಳು.

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಅವಳು ನೀರು ಕೊಟ್ಟು, ಎದುರಿಗೆ ಕೂತು ಹೇಳಿದಳು. ಅವರು ಬಂದ ಮೊದಲ ಬೇಸಿಗೆಯಲ್ಲೇ ಒಂದು ಮಧ್ಯಾಹ್ನ ಅವ್ವ ತಗಡಿನ ಸೆಕೆಗೆ ತಲೆ ತಿರುಗಿ, ಹೇಗೋ ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ಕೂತಿದ್ದಳಂತೆ.

"ಬರ್ರಿ ಅಂದೆ, ಒಲ್ಲೆ ಅಂದ್ರು. ಎಬ್ಬಿಸಿ ಕರ್ಕೊಂಡು ಬಂದು ಇಲ್ಲೇ ಈ ತಂಪನಿ ಗಚ್ಚಿನ ಮ್ಯಾಲ ಮಲಗಿಸಿದೆ. ಕಣ್ಣು ತೆರದ ಕೂಡ್ಲೆ ಈ ಕಟ್ಟಿ ನೋಡಿದ್ರು. ನಾ ಅದರ ಮ್ಯಾಲ ಡಬ್ಬಿ ಒಟ್ಟಿದ್ದೆ. 'ಇದು ಡಬ್ಬಿ ಇಡೂ ಕಟ್ಟಿ ಅಲ್ಲ ಯವ್ವಾ' ಅಂದ್ರು. ಆವಾಗ ನಮ್ಮ ಮನಿಯವರಿಗೆ ಸಕ್ಕರಿ ಬ್ಯಾನಿ ಬಂದಿತ್ರಿ. ಡಾಕ್ಟ್ರು ಅನ್ನ ಬಿಡಿಸಿ ರೊಟ್ಟಿ ಉಣ್ರಿ ಅಂದಿದ್ರು. ನನಗ ಬರತಿರ್ಲಿಲ್ಲ. ನಮ್ಮ ಕಡೆ ಯಾರು ಬಡೀತಾರ್ರಿ? ಅವ್ವಾರು ಡಬ್ಬಿ ಇಳಿಸು ಅಂದ್ರು."

"ದಿನಾ ಬರತಿದ್ಲೇನು?"

"ದಿನಾರಿ. ನೀವು ಸಾಲಿಗಿ ಹೋದ ಮ್ಯಾಲ. ನಮ್ಮ ರೊಟ್ಟಿ, ನಿಮ್ಮ ರೊಟ್ಟಿ, ಎಲ್ಲಾ ಇಲ್ಲೇ. ಆಮ್ಯಾಲ ಕಿಟಕಿ ಬುಡಕ ಮಲಕೊಂತಿದ್ರು. ನಿಮ್ಮ ಬಸ್ ಬರೂ ಹೊತ್ತಿಗೆ ಎದ್ದು ಬುಟ್ಟಿ ತಗೊಂಡು ಮ್ಯಾಲ."

ಸಿಲಿಂಡರ್ ಮುಗಿಯದೇ ಇದ್ದದ್ದು, ಅವ್ವನ ಕೈ ತಣ್ಣಗಿದ್ದದ್ದು, ಎಲ್ಲ ಇದಕ್ಕೇ.

"ಮತ್ತ ನನಗ್ಯಾಕ ಹೇಳಬ್ಯಾಡಂದ್ಲು?"

"ಮಗಳು ಆಣಿ ಹಾಕ್ಯಾಳ, ಮಂದಿ ಒಲಿ ಮುಂದ ಕುಂಡ್ರಬ್ಯಾಡಂತ, ಗೊತ್ತಾದ್ರ ಮನಸ್ಸಿಗಿ ಹಚ್ಕೊಂತಾಳ ಅಂದ್ರು. ಇದು ಯಾರ ಒಲಿರಿ ಅವ್ವಾರ ಅಂತ ನಾನ ಕೇಳಿದೆ. ನಕ್ಕುಬಿಟ್ರು. 'ಸದ್ಯಕ್ಕ ನಿಂದು ಯವ್ವಾ, ಬಾಡಿಗಿ ಕೊಡ್ತಿ' ಅಂದ್ರು."

ಅವ್ವ ಹಾಗೇ ಅಂದಿರುತ್ತಾಳೆ. ನನಗೆ ಅವಳ ದನಿ ಕೇಳಿಸಿತು.

"ಒಂದು ಪೆಟ್ಟು ಯಾಕ ಬಿಡ್ತೀರಿ, ಬಡಿಯೂವಾಗ?" ಎಂದು ಕೇಳಿದೆ.

"ಬಿಡಬೇಕಲ್ರಿ? ಅವ್ವಾರು ಹಂಗ ಬಡೀತಿದ್ರು. ಅಲ್ಲಿ ಒಂದು ಪೆಟ್ಟು ಬಿಟ್ರ ರೊಟ್ಟಿ ಹರಿಯಂಗಿಲ್ಲ ಅಂತ ನಾ ತಿಳಕೊಂಡೀನಿ."

ಸುಟ್ಟ ಬೆರಳಿನ ಕತೆಯನ್ನು ನಾನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಸಾಲ ತೀರಿತು ಎಂದೆ. ಅವಳ ಮುಖ ಅರಳಿತು, ಮರುಕ್ಷಣ ತಗ್ಗಿತು. "ಹಂಗಾರ ನಾವು ಖಾಲಿ ಮಾಡ್ತೀವ್ರಿ ಅಕ್ಕೋರ. ಒಂದು ತಿಂಗಳು ಟೈಮ್ ಕೊಡ್ರಿ" ಎಂದು ನೆಲದ ಮೇಲಿದ್ದ ಹಾಲಿನ ಪಾಕೀಟು ಎತ್ತಿಕೊಂಡಳು. "ಉಕ್ಕಸಾಕ ತಂದೀರೇನು? ತರ್ರಿ, ಪಾತ್ರಿ ಕೊಡ್ತೀನಿ."

ಹಂಚು ಕೆಳಗಿಳಿಸಿದಳು. ನಾನು ಹಾಲು ಸುರಿದು ಪಾತ್ರೆಯನ್ನು ಆ ಗಿಡ್ಡ ಕಟ್ಟೆಯ ಒಲೆಯ ಮೇಲಿಟ್ಟೆ. ಇಬ್ಬರೂ ನೋಡುತ್ತ ಕೂತೆವು. ಹಾಲು ಉಕ್ಕಿ ಅಂಚು ದಾಟಿ ಒಲೆಯ ಮೇಲೆ ಹರಿದು ಚುಂಯ್ ಎಂದಿತು. ವರ್ಷಗಟ್ಟಲೆ ಕಾದ ಗಳಿಗೆ. ಸುಟ್ಟ ಹಾಲಿನ ವಾಸನೆ ಬಂತು, ಅಷ್ಟೇ. ಅವ್ವ ಈ ಒಲೆಯನ್ನು ಇಷ್ಟು ವರ್ಷ ಹಚ್ಚಿ ಆರಿಸಿ ಬಿಟ್ಟಿದ್ದಳು. ಅಲ್ಲಿ ಹೊಸದಾಗಿ ಪ್ರವೇಶ ಮಾಡುವುದು ಏನೂ ಉಳಿದಿರಲಿಲ್ಲ. ಅವಳ ಮುಖದಲ್ಲಿ ನಾನು ಮತ್ತೆ ನೋಡಬೇಕೆಂದಿದ್ದನ್ನು ಈ ಹೆಂಗಸು ದಿನಾ ನೋಡಿದ್ದಳು.

"ಖಾಲಿ ಮಾಡಬ್ಯಾಡ್ರಿ. ಇರ್ರಿ" ಎಂದೆ.

ಪರಾತದಲ್ಲಿ ಇನ್ನೂ ಹಿಟ್ಟಿತ್ತು. ಕೈ ತೊಳೆದುಕೊಂಡು ಬಂದು ಕಲ್ಲಿನ ಮುಂದೆ ಕೂತೆ. ಒಂದು ಮುದ್ದೆ ತೆಗೆದುಕೊಂಡು ಬಡಿದೆ. ಅಂಚು ಸೀಳಿತು. ಇನ್ನೊಂದು ಸಲವೂ ಸೀಳಿತು.

"ಕೈ ಹಗರ ಬಿಡ್ರಿ ಅಕ್ಕೋರ. ಹಿಟ್ಟಿನ ಮ್ಯಾಲ ಸಿಟ್ಟು ಮಾಡಬ್ಯಾಡ, ಅದು ನಿಂದೇನು ಸಾಲ ತಗೊಂಡಿಲ್ಲ ಅಂತಿದ್ರು ಅವ್ವಾರು ನನಗ."

ನನಗೆ ಹೇಳದೆ ಬಿಟ್ಟ ಮಾತುಗಳು ಇವಳ ಹತ್ತಿರ ಇದ್ದವು. ಇವಳಿಗೆ ಸಿಕ್ಕ ಕೈ ನನಗೆ ಸಿಕ್ಕಿರಲಿಲ್ಲ. ನನಗೆ ಡಿಗ್ರಿ ಸಿಕ್ಕಿತ್ತು. ಅದನ್ನು ನಾನು ಇವತ್ತೂ ಕಡಿಮೆ ಎನ್ನುವುದಿಲ್ಲ.

ಸ್ವಯಂ ನಿವೃತ್ತಿಯ ಅರ್ಜಿ ಕೊಟ್ಟೆ, ಮಂಜೂರಾಯಿತು. ಬೀಳ್ಕೊಡುವ ದಿನ ಗಣಿತದ ಮಾಸ್ತರರು, "ಸಾಲ ತೀರಿತು, ನೌಕರಿನೂ ಬಿಟ್ರಿ. ಇನ್ನರ ಕೆಳಗಿನ ಮನಿಗಿ ಇಳೀರಿ" ಎಂದರು.

"ತಾನಾಗಿ ಬರೂ ಬಾಡಿಗಿ ಯಾಕ ಬಿಡ್ಲಿರಿ?" ಎಂದೆ. ಎಲ್ಲರೂ ನಕ್ಕರು. ನನ್ನ ಜಿಪುಣತನದ ಹೆಸರು ಗಟ್ಟಿಯಾಗಿದೆ, ಆದ್ದರಿಂದ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ನಿಜ ಹೇಳಬೇಕೆಂದರೆ ಅವರು ಹೋದರೆ ಆ ಸಪ್ಪಳ ಹೋಗುತ್ತದೆ. ನನ್ನ ಕೈಯಲ್ಲಿ ಅದು ಬರುವುದಿಲ್ಲ. ನನ್ನ ಬೆರಳುಗಳೆಲ್ಲ ನೆಟ್ಟಗಿವೆ, ಎಲ್ಲ ಪೆಟ್ಟೂ ಬೀಳುತ್ತವೆ. ಬೇಕೆಂದೇ ಒಂದು ಬಿಟ್ಟು ನೋಡಿದೆ, ರೊಟ್ಟಿ ಹರಿಯಿತು.

ಈಗ ಮಧ್ಯಾಹ್ನ ಬಿಸಿಲು ಏರಿ ಓಣಿ ಮಲಗಿದ ಮೇಲೆ ನಾನು ಮೆಟ್ಟಿಲು ಇಳಿಯುತ್ತೇನೆ. ಕೈಯಲ್ಲಿ ಖಾಲಿ ಬುಟ್ಟಿ, ಅದೇ ಅರಿವೆ. ಮೊನ್ನೆ ಬಾಗಿಲು ದಾಟಿ ಪಡಸಾಲೆಯಲ್ಲಿ ಹೆಜ್ಜೆ ಇಟ್ಟೆ. ಅಡುಗೆ ಮನೆಯಲ್ಲಿ ಸಪ್ಪಳ ನಿಂತಿತು. ತಿರುಗಿ ನೋಡದೆ, ಹಿಟ್ಟಿನ ಕೈಯಲ್ಲೇ ಅವಳು ಕೇಳಿದಳು.

"ಅವ್ವಾರ, ಬಂದ್ರೇನು?"

ಕೇಳಿ, ತನ್ನನ್ನು ತಾನೇ ತಡೆದಳು. ಹಂಚಿನ ಮೇಲಿನ ರೊಟ್ಟಿ ಉಬ್ಬಿ ಅಂಚಿನಿಂದ ಹಬೆ ಬಿಡುತ್ತಿತ್ತು. ನಾನು ಬುಟ್ಟಿ ಕೆಳಗಿಟ್ಟೆ.

"ಹೂಂ" ಎಂದೆ. "ಬಂದೆ."

ಅವಳು ಕಲ್ಲಿನ ಮುಂದಿನಿಂದ ಸರಿದು ಜಾಗ ಬಿಟ್ಟಳು.